ಹೊಸಬರು ಎರಡೇ ತಿಂಗಳಿಗೆ ಬಿಟ್ಟು ಹೋಗುವ ಬಗ್ಗೆ

ನಿಮ್ಮ ವೃದ್ಧಾಶ್ರಮದಲ್ಲಿ ಹಿರಿಯರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಎರಡೇ ತಿಂಗಳಿಗೆ ಯಾಕೆ ಬಿಡುತ್ತಾರೆ ಅಂತ ಕೇಳಿದ್ದೀರಿ. ಸಂಬಳ ಕಡಿಮೆ ಅನ್ನೋದು ನಿಜ. ಆದರೆ ಮೊದಲ ವಾರವೇ ಒಬ್ಬರನ್ನೇ ರಾತ್ರಿ ಪಾಳಿಗೆ ಹಾಕಬೇಡಿ ಸರ್.

ನಾನು ಸೇರಿದಾಗ ಹಿರಿಯ ಅಕ್ಕ ಒಬ್ಬರು ಜೊತೆಗಿದ್ದರು. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದ ಹತ್ತಿರ ಹುಣ್ಣಾಗುತ್ತದೆ. ಮೈ ಹಿಡಿದು ಎಳೆಯದೆ, ಕೆಳಗೆ ಹಾಸಿದ ಬಟ್ಟೆ ಹಿಡಿದು ಮೆಲ್ಲಗೆ ಹೊರಳಿಸೋದನ್ನು ಅವರೇ ಕಲಿಸಿದರು. ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ತೀರಿಕೊಂಡ ದಿನ ಒಂದು ಲೋಟ ಕಾಫಿ ಕೊಟ್ಟು ಪಕ್ಕದಲ್ಲೇ ಕೂತರು. ಅವರಿಲ್ಲದಿದ್ದರೆ ಅವತ್ತೇ ಬಿಟ್ಟುಬಿಡುತ್ತಿದ್ದೆ.

ಇನ್ನೊಂದು, ಓದಲು ಅನುಕೂಲವಾಗುವ ಹಾಗೆ ಪಾಳಿ ಹೊಂದಿಸಿಕೊಡಿ. ಬಿಎಸ್‌ಡಬ್ಲ್ಯು (ಸಮಾಜಕಾರ್ಯದ ಪದವಿ), ಆಮೇಲೆ 2 ವರ್ಷದ ಎಂಎಸ್‌ಡಬ್ಲ್ಯು (ಅದರದ್ದೇ ಸ್ನಾತಕೋತ್ತರ ಪದವಿ) ಓದಬಹುದು. ಮುಂದೆ ದಾರಿ ಇದೆ ಅಂತ ಗೊತ್ತಾದರೆ ಜಾಸ್ತಿ ಜನ ಉಳಿಯುತ್ತಾರೆ.