ತಿಂಡಿ ತಿಂದು ಹೊರಡೋದಾ, ಹೊರಟು ತಿನ್ನೋದಾ?

ಪ್ರಶ್ನೆ: ಕಾರಿನಲ್ಲಿ ದೂರ ಹೊರಟಾಗಲೆಲ್ಲ ಮನೆ ಹತ್ತಿರದ ಹೋಟೆಲಿನಲ್ಲಿ ತಿಂಡಿ ತಿಂದೇ ಹೋಗುವುದು ನಮ್ಮ ರೂಢಿ. ಹದಿನೈದು ವರ್ಷದಿಂದ ಅದೇ ಹೋಟೆಲು, ಅದೇ ಮೂಲೆ ಟೇಬಲ್ಲು. ಈಗ ನಮ್ಮ ಯಜಮಾನರು, 'ಸುಮ್ನೆ ಒಂದು ಗಂಟೆ ದಂಡ, ದಾರಿಯಲ್ಲಿ ಎಲ್ಲಾದರೂ ತಿಂದರಾಯಿತು' ಎಂದು ರಾಗ ತೆಗೆದಿದ್ದಾರೆ. ಅಲ್ಲಿ ಹೊಟ್ಟೆ ತುಂಬ ತಿಂದು ಹೊರಟರೆ ಅವರಿಗೆ ತೂಕಡಿಕೆ ಬರುತ್ತೆ, ನನಗೆ ಹೊಟ್ಟೆ ತೊಳಸುತ್ತೆ, ಅದೂ ನಿಜವೇ. ಏನು ಮಾಡಲಿ?
– ಹಿಂದಿನ ಸೀಟಿನವಳು

ಉತ್ತರ: ಹೋಟೆಲು ಬಿಡಬೇಡಿ, ಎರಡನೇ ಪ್ಲೇಟು ಬಿಡಿ.

ಯಜಮಾನರ ಲೆಕ್ಕದಲ್ಲಿ ಒಂದು ತಪ್ಪಿದೆ. ಆ ಒಂದು ಗಂಟೆ ಉಳಿಯುವುದಿಲ್ಲ, ದಾರಿಗೆ ಹೋಗಿ ಕೂರುತ್ತೆ. ಗೊತ್ತಿಲ್ಲದ ಜಾಗದಲ್ಲಿ 'ಇಲ್ಲಿ ಬೇಡ, ಮುಂದೆ ನೋಡೋಣ' ಅಂತ ನಾಲ್ಕು ಹೋಟೆಲು ದಾಟಿ, ಕೊನೆಗೆ ಹಸಿವು ತಡೆಯಲಾರದೆ ಐದನೆಯದರಲ್ಲಿ ನಿಲ್ಲಿಸಿ, ಆರ್ಡರ್ ಕೊಟ್ಟು ಅಡುಗೆಮನೆ ಬಾಗಿಲು ನೋಡುತ್ತಾ ಕೂರುವುದು ಇದೆಯಲ್ಲ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಖಾಯಂ ಹೋಟೆಲಿನಲ್ಲಿ ನೀವು ಕೂರುವ ಮೊದಲೇ ನೀರಿನ ಲೋಟ ಬಂದಿರುತ್ತೆ. ಅಲ್ಲಿಯ ಖಾರ, ಎಣ್ಣೆ ಎಲ್ಲ ನಿಮ್ಮ ಹೊಟ್ಟೆಗೂ ಪರಿಚಯ. ನಾನೂ ಒಮ್ಮೆ ಆತುರಕ್ಕೆ ಬಿದ್ದು ಖಾಯಂ ಜಾಗ ಬಿಟ್ಟು ದಾರಿಬದಿ ತಿಂದೆ. ಮುಂದಿನ ನಲವತ್ತು ಕಿಲೋಮೀಟರ್ ನಾನು ಊರಿನ ಬೋರ್ಡು ಓದಲಿಲ್ಲ, ಪೆಟ್ರೋಲ್ ಬಂಕ್ ಎಲ್ಲಿದೆ, ಅಲ್ಲಿ ಟಾಯ್ಲೆಟ್ ಇರುತ್ತಾ ಅಂತಷ್ಟೇ ನೋಡುತ್ತಿದ್ದೆ.

ಇನ್ನು ತೂಕಡಿಕೆ. ಹೊಟ್ಟೆ ಬಿರಿಯೆ ತಿಂದರೆ, ಅದರಲ್ಲೂ ಕರಿದಿದ್ದು ಜಾಸ್ತಿಯಾದರೆ, ಮಂಪರು ಬರುವುದು ಹೌದು. ಕೊಬ್ಬು ಇರುವ ತಿಂಡಿ ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತೆ. ಆದರೆ ಎಲ್ಲದಕ್ಕೂ ತಿಂಡಿಯ ಮೇಲೆ ಗೂಬೆ ಕೂರಿಸಬೇಡಿ. ಹಿಂದಿನ ರಾತ್ರಿ ಅವರು ಎಷ್ಟು ಹೊತ್ತಿಗೆ ಮಲಗಿದ್ದರು? ಹನ್ನೆರಡರವರೆಗೆ ಬ್ಯಾಗು ತುಂಬಿ, ನಾಲ್ಕಕ್ಕೆ ಎದ್ದವರಿಗೆ ಖಾಲಿ ಹೊಟ್ಟೆಯಲ್ಲೂ ಕಣ್ಣು ಎಳೆಯುತ್ತೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಣ್ಣು ನಾಲ್ಕೇ ನಾಲ್ಕು ಸೆಕೆಂಡು ಮುಚ್ಚಿದರೆ ಕಾರು ಸುಮಾರು 90 ಮೀಟರ್ ಮುಂದೆ ಹೋಗಿರುತ್ತೆ, ಸ್ಟೀರಿಂಗ್ ಹಿಂದೆ ಯಾರೂ ಇಲ್ಲದ ಹಾಗೆ. ಹಾಗಾಗಿ ಬ್ಯಾಗು ಹಿಂದಿನ ಸಂಜೆಯೇ ರೆಡಿಯಾಗಲಿ. ತಿಂಡಿ ಮುಕ್ಕಾಲು ಹೊಟ್ಟೆಗೆ ಸಾಕು. ಎರಡು ಗಂಟೆಗೊಮ್ಮೆ ಹದಿನೈದು ನಿಮಿಷ ಗಾಡಿ ನಿಲ್ಲಿಸಿ, ಇಳಿದು ನಡೆದಾಡಿ.

ನಿಮ್ಮ ಹೊಟ್ಟೆ ತೊಳಸುವ ವಿಷಯ ಬೇರೆ. ಕಿವಿಯ ಒಳಗಿನ ಸಮತೋಲನದ ಭಾಗ 'ನಾವು ಚಲಿಸುತ್ತಿದ್ದೇವೆ' ಅನ್ನುತ್ತೆ, ಮೊಬೈಲ್ ನೋಡುತ್ತಿರುವ ಕಣ್ಣು 'ಇಲ್ಲವಲ್ಲ, ಕೂತಲ್ಲೇ ಇದ್ದೇವೆ' ಅನ್ನುತ್ತೆ. ಈ ಜಗಳದಲ್ಲಿ ಬಡವಾಗುವುದು ಹೊಟ್ಟೆ. ಡ್ರೈವ್ ಮಾಡುವವರಿಗೆ ಇದು ಆಗುವುದು ಅಪರೂಪ, ತಿರುವು ಬರುತ್ತಿರುವುದು ಅವರಿಗೆ ಮೊದಲೇ ಗೊತ್ತಿರುತ್ತಲ್ಲ. ನೀವು ಮುಂದಿನ ಸೀಟಿಗೆ ಬನ್ನಿ (ಹೆಸರೂ ಬದಲಾಯಿಸಿಕೊಳ್ಳಬಹುದು), ದೂರದ ರಸ್ತೆ ನೋಡುತ್ತಾ ಕೂರಿ. ವಾಂತಿಯ ಭಯಕ್ಕೆ ಏನೂ ತಿನ್ನದೆ ಹೊರಡಬೇಡಿ, ಬರಿ ಹೊಟ್ಟೆಯಲ್ಲೂ ಸಂಕಟ ಜಾಸ್ತಿಯಾಗುತ್ತೆ. ಸ್ವಲ್ಪ, ಸಪ್ಪೆಯಾಗಿ ತಿನ್ನಿ. ಡಾಕ್ಟರನ್ನು ಕೇಳಿ ವಾಂತಿ ತಡೆಯುವ ಮಾತ್ರೆ ತೆಗೆದುಕೊಳ್ಳುವುದಾದರೆ, ಅದು ಸಾಮಾನ್ಯವಾಗಿ ಹೊರಡುವುದಕ್ಕೆ ಅರ್ಧ, ಒಂದು ಗಂಟೆ ಮುಂಚೆ ಹೋಗಬೇಕು. ಅಂದರೆ ಹೋಟೆಲಿನ ಟೇಬಲ್ಲೇ ಅದಕ್ಕೆ ಸರಿಯಾದ ಜಾಗ. ಇಂಥ ಮಾತ್ರೆಗಳಲ್ಲಿ ಹೆಚ್ಚಿನವು ನಿದ್ದೆ ತರಿಸುತ್ತವೆ, ಯಜಮಾನರಿಗೆ ಅಪ್ಪಿತಪ್ಪಿಯೂ ಕೊಡಬೇಡಿ.

ಬಿಲ್ಲು ಕೊಟ್ಟ ತಕ್ಷಣ ಏಳಬೇಡಿ. ತಿಂಡಿ ಒಳಗೆ ಬಿದ್ದ ಕೂಡಲೇ ದೊಡ್ಡ ಕರುಳಿಗೆ 'ಜಾಗ ಬಿಡು' ಅಂತ ಸಂದೇಶ ಹೋಗುತ್ತೆ, ಬೆಳಗಿನ ಹೊತ್ತು ಇದು ಇನ್ನೂ ಜೋರು, ಕಾಫಿ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತೆ. ಇನ್ನೊಂದು ಹದಿನೈದು ನಿಮಿಷ ಹರಟೆ ಹೊಡೆಯಿರಿ. ಪ್ರಕೃತಿಯ ಕರೆ ಬಂದರೆ ಅಲ್ಲೇ ಮುಗಿಸಿ ಹೊರಡಿ. ಯಜಮಾನರ ಒಂದು ಗಂಟೆ ಎಲ್ಲಿ ಹೋಯಿತು ಅಂತ ಅವರಿಗೂ ತಿಳಿಯುತ್ತೆ.

ಪ್ರಶ್ನೆ: ನಾವು ಅಲ್ಲೇ ತಿಂದು, ಅದೇ ತಿಂಡಿ ಪಾರ್ಸಲ್ ಕಟ್ಟಿಸಿಕೊಂಡು ಮಧ್ಯಾಹ್ನಕ್ಕೂ ಇಟ್ಟುಕೊಳ್ಳುತ್ತೇವೆ. ಪರವಾಗಿಲ್ವಾ?

ಉತ್ತರ: ಬೇಡ. ಬೇಯಿಸಿದ ಅಡುಗೆಯನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು, ಬಿಸಿಲು 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇನ್ನೂ ಕಾವು. ಬಿಸಿಬಿಸಿಯಾಗಿ ಕಟ್ಟಿದ ಪೊಟ್ಟಣ ಬಿಚ್ಚಿದಾಗ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತಲ್ಲ, ಆ ತೇವ ಸಾಕು ಹಳಸುವುದಕ್ಕೆ. ವಾಸನೆ ಬಂದಿಲ್ಲ ಅಂತ ಧೈರ್ಯ ಮಾಡಬೇಡಿ, ಹೊಟ್ಟೆ ಕೆಡಿಸುವ ಕ್ರಿಮಿಗಳಿಗೆ ಯಾವಾಗಲೂ ವಾಸನೆ ಇರುವುದಿಲ್ಲ. ಬಾಳೆಹಣ್ಣು, ಹುರಿದ ಕಡಲೆ, ನೀರು ಇಟ್ಟುಕೊಳ್ಳಿ.

ಪ್ರಶ್ನೆ: ತಿಂಡಿಯ ಗೋಜೇ ಬೇಡ, ಕೆಲಸ ಮುಗಿಸಿ ರಾತ್ರಿ ಊಟ ಮಾಡಿ, ಎರಡು ಕಾಫಿ ಕುಡಿದು ಹೊರಟುಬಿಡೋಣ ಅಂತಾರೆ ಗೆಳೆಯರು. ರಸ್ತೆಯೂ ಖಾಲಿ ಇರುತ್ತೆ, ಅಲ್ವಾ?

ಉತ್ತರ: ರಸ್ತೆ ಖಾಲಿ, ತಲೆಯೂ ಖಾಲಿ. ಹದಿನೇಳು ಗಂಟೆ ಎಚ್ಚರವಿದ್ದವರ ಕೈ, ಕಣ್ಣು ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರಷ್ಟೇ ತಡವರಿಸುತ್ತವೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದ್ದಾರೆ. ಬೆಳಿಗ್ಗೆ ಆರಕ್ಕೆ ಎದ್ದಿದ್ದರೆ ರಾತ್ರಿ ಹನ್ನೊಂದಕ್ಕೆ ನೀವು ಆ ಲೆಕ್ಕಕ್ಕೆ ಬಂದಿರುತ್ತೀರಿ. ರಾತ್ರಿ ಎರಡರಿಂದ ಆರರವರೆಗಿನ ಹೊತ್ತಂತೂ ನಿದ್ದೆ ಅತಿ ಜೋರಾಗಿ ಎಳೆಯುವ ಹೊತ್ತು. ಕಾಫಿ ಹತ್ತುವುದಕ್ಕೇ ಅರ್ಧ ಗಂಟೆ ಬೇಕು, ಅದು ನಿದ್ದೆಯನ್ನು ಮುಂದೂಡುತ್ತೆ ಅಷ್ಟೇ. ಮಲಗಿ. ನಿಮ್ಮ ಹೋಟೆಲು ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತೆ ಅಂತ ಕೇಳಿಕೊಂಡು ಅದಕ್ಕೆ ಅಲಾರಂ ಇಡಿ.