ಹನಕಾಪಿಯಾಯಿ ಕಣಿವೆ: ಅರ್ಧ ದಿನದಲ್ಲಿ ಕಡಲತೀರ, ಜಲಪಾತ ಎರಡನ್ನೂ ನೋಡಬಹುದೇ?
ಹವಾಯಿಯ ಕವಾಯಿ ದ್ವೀಪದಲ್ಲಿ ನಿಮಗೆ ಅರ್ಧ ದಿನವಷ್ಟೇ ಸಿಗುತ್ತದೆ, ಜೊತೆಗೆ ಮಕ್ಕಳಿದ್ದಾರೆ, ಹನಕಾಪಿಯಾಯಿಯ ಕಡಲತೀರವನ್ನೂ ಜಲಪಾತವನ್ನೂ ನೋಡಿ ಬರಬಹುದೇ ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕ ಹಾಕಿಕೊಂಡು ಪತ್ನಿ ಮತ್ತು ಮಗಳೊಂದಿಗೆ ಅಲ್ಲಿಗೆ ಹೋಗಿದ್ದೆ.

ಕೇಎ ಕಡಲತೀರದಿಂದ ಹೊರಡುವ ಕಾಲುದಾರಿ ನಾ ಪಾಲಿ ಕರಾವಳಿಯ ಕಡಿದಾದ ಬೆಟ್ಟಗಳ ಮೈಮೇಲೆ ಏರಿಳಿಯುತ್ತ, ನಮ್ಮ ಕೇದಿಗೆಯ ಬಳಗಕ್ಕೇ ಸೇರಿದ ಹಾಲಾ ಮರಗಳ ನಡುವೆ 3.2 ಕಿಲೋಮೀಟರ್ ಸಾಗಿ ಕಣಿವೆಯ ಬಾಯಿಗೆ ಇಳಿಯುತ್ತದೆ. ಅಲ್ಲಿ ಒಂದು ಹಳ್ಳ ಸಮುದ್ರವನ್ನು ಸೇರುತ್ತದೆ. ಜಲಪಾತದ ದಾರಿ ಹಳ್ಳದ ಆಚೆಯ ದಡದಿಂದ ಮತ್ತೆ 3.2 ಕಿಲೋಮೀಟರ್ ಮೇಲಕ್ಕೆ ಹೋಗುತ್ತದೆ. ಅಂದು ನೀರು ಮೊಣಕಾಲಿಗಿಂತ ಕೆಳಗಿತ್ತು. ಮಗಳು ದಣಿದಿದ್ದುದರಿಂದ ಪತ್ನಿ ಅವಳೊಂದಿಗೆ ಈಚೆಯ ದಡದಲ್ಲೇ ಉಳಿದಳು. ನಾನು ಬೇಗ ಬರುತ್ತೇನೆಂದು ಹೇಳಿ ದಾಟಿದೆ.

ತಪ್ಪಾದದ್ದು ಇಲ್ಲಿಯೇ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ದಾಟುವ ಮುನ್ನ ನಾನು ಆಕಾಶವನ್ನು ನೋಡಿದ್ದೆ, ಆದರೆ ನೋಡಿದ್ದು ಸಮುದ್ರದ ಮೇಲಿನ ಆಕಾಶವನ್ನು. ಅದು ಶುಭ್ರವಾಗಿತ್ತು. ಹಳ್ಳಕ್ಕೆ ನೀರು ಬರುವುದು ಸಮುದ್ರದ ಕಡೆಯಿಂದಲ್ಲ, ಕಣಿವೆಯ ತುದಿಯಲ್ಲಿರುವ ಎತ್ತರದ ಬೆಟ್ಟಗಳಿಂದ; ಅಲ್ಲಿ ಬೆಳಗಿನಿಂದಲೇ ಮೋಡ ಕವಿದಿತ್ತು. ಗೋಡೆಯಂತೆ ನಿಂತ ಆ ಬೆಟ್ಟಗಳ ಮೇಲೆ ಬಿದ್ದ ಮಳೆ ಇಂಗುವುದಕ್ಕೆ ಎಡೆಯಿಲ್ಲದೆ ನೇರವಾಗಿ ಕೆಳಗಿಳಿಯುತ್ತದೆ, ಹೀಗಾಗಿ ದಡದಲ್ಲಿ ಬಿಸಿಲಿರುವಾಗಲೇ ಹಳ್ಳ ಏರಬಲ್ಲದು. ಹಳೆಯ ಕೆಸುವಿನ ಗದ್ದೆಗಳ ಕಲ್ಲುಕಟ್ಟೆಗಳನ್ನೂ ಬಿದಿರುಮೆಳೆಗಳನ್ನೂ ದಾಟಿ ಹೋಗುವಾಗ ನೀರು ಕದಡಿದ್ದನ್ನು, ಎಲೆ ಕಡ್ಡಿಗಳು ತೇಲಿಬರುತ್ತಿದ್ದುದನ್ನು ನಾನು ಕಂಡಿದ್ದೆ. ಮಲೆನಾಡಿನ ಸಾಗರ ಸೀಮೆಯಲ್ಲಿ ಬೆಳೆದವನಿಗೆ ಮಳೆಗಾಲದ ಹಳ್ಳದ ಈ ಲಕ್ಷಣಗಳು ಗೊತ್ತಿರಲಿಲ್ಲವೆಂದಲ್ಲ. ಸುಮಾರು 90 ಮೀಟರ್ ಎತ್ತರದ ಜಲಪಾತ ಇನ್ನೇನು ಸಿಕ್ಕಿತೆಂಬ ಆಸೆಯಲ್ಲಿ ಅವುಗಳನ್ನು ಲಕ್ಷಿಸದೆ ನಡೆದೆ.

ಹಿಂತಿರುಗಿದಾಗ ಹಳ್ಳ ಸೊಂಟದ ಮಟ್ಟವನ್ನೂ ಮೀರಿ ಕೆಂಪಗೆ ಹರಿಯುತ್ತಿತ್ತು, ತಳದಲ್ಲಿ ಕಲ್ಲುಗಳು ಉರುಳಿ ಬಡಿದುಕೊಳ್ಳುವ ಸದ್ದು ಕೇಳುತ್ತಿತ್ತು. ಎದುರು ದಡದಲ್ಲಿ ಪತ್ನಿ, ಮಗಳು ಕಾಣುತ್ತಿದ್ದರು, ಆದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಮೊಬೈಲ್ ಸಿಗ್ನಲ್ ಅಲ್ಲಿಲ್ಲ. ಕೈಕೈ ಹಿಡಿದು ದಾಟೋಣವೆಂದ ಕೆಲವರನ್ನು ಸ್ಥಳೀಯರೊಬ್ಬರು ಗಟ್ಟಿಯಾಗಿ ತಡೆದರು. ಕಾಲು ಜಾರಿದರೆ ನೀರು ನೇರ ಸಮುದ್ರಕ್ಕೆ ಒಯ್ಯುತ್ತದೆ. 2014ರಲ್ಲಿ ಇದೇ ಹಳ್ಳ ಏರಿ ನೂರಕ್ಕೂ ಹೆಚ್ಚು ಚಾರಣಿಗರು ಸಿಕ್ಕಿಹಾಕಿಕೊಂಡಿದ್ದರೆಂಬುದು ನನಗೆ ಆಮೇಲೆ ತಿಳಿಯಿತು. ಕತ್ತಲಾಗುವ ಮೊದಲು ಪತ್ನಿ, ಮಗುವನ್ನು ಕರೆದುಕೊಂಡು ಜಾರುವ ಜೇಡಿಮಣ್ಣಿನ ದಾರಿಯಲ್ಲಿ ಒಬ್ಬಳೇ ಹಿಂದಿರುಗಬೇಕಾಯಿತು. ನಾನು ರಾತ್ರಿಯನ್ನು ಜಲಪಾತದ ಕಡೆಯ ದಡದಲ್ಲೇ ಕಳೆದೆ, ನೀರು ಬೆಳಗಾಗುವ ಹೊತ್ತಿಗೆ ಇಳಿಯಿತು. ಅವರು ಸುರಕ್ಷಿತವಾಗಿ ತಲುಪಿದರೋ ಇಲ್ಲವೋ ಎಂದು ತಿಳಿಯದೆ ಕುಳಿತ ಆ ರಾತ್ರಿಯನ್ನು ಯಾವ ಜಲಪಾತಕ್ಕೂ ಸಾಟಿಯಾಗಿ ತೂಗಲಾರೆ.

ಆದ್ದರಿಂದ ಅರ್ಧ ದಿನದಲ್ಲಿ ಕಡಲತೀರ, ಜಲಪಾತ ಎರಡನ್ನೂ ನೋಡಬಹುದೇ ಎಂಬ ನಿಮ್ಮ ಪ್ರಶ್ನೆಯೇ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಹೋಗಿಬರಲು ಒಟ್ಟು ಸುಮಾರು 13 ಕಿಲೋಮೀಟರ್ ನಡೆಯಬೇಕಾದ ಜಲಪಾತಕ್ಕೆ ಇಡೀ ದಿನ ಬೇಕು. ಆ ಕಡಲತೀರವಾದರೋ ಈಜುವ ಜಾಗವೇ ಅಲ್ಲ: ಅಲೆಗಳನ್ನು ತಡೆಯುವ ಹವಳದ ದಿಬ್ಬ ಅಲ್ಲಿಲ್ಲ, ಸೆಳೆತ ಪ್ರಬಲ, ಮುಳುಗಿ ಸತ್ತವರು ಹಲವರು. ಚಳಿಗಾಲದ ಅಲೆಗಳು ಮರಳನ್ನೂ ಹೊತ್ತೊಯ್ದು ಬರಿಯ ಬಂಡೆಗಳನ್ನು ಉಳಿಸುತ್ತವೆ. ಹಳ್ಳದ ನೀರಿನಿಂದ ಇಲಿಜ್ವರ ಬರಬಹುದು, ಗಾಯವಿದ್ದರೆ ಇಳಿಯಬೇಡಿ.

ಈ ಕಾಲುದಾರಿ ಹೊರಡುವ ಹಾಏನಾ ಉದ್ಯಾನಕ್ಕೆ ಹವಾಯಿಯ ಹೊರಗಿನವರು ಮುಂಗಡ ಕಾಯ್ದಿರಿಸಲೇಬೇಕು. ಕಾಯ್ದಿರಿಸುವಿಕೆ 30 ದಿನ ಮೊದಲು ತೆರೆಯುತ್ತದೆ, ಬೇಗ ಮುಗಿದುಹೋಗುತ್ತದೆ. ಅದು ಸಿಕ್ಕರೆ ಮಕ್ಕಳೊಂದಿಗೆ ಕಾಲುದಾರಿಯಲ್ಲಿ 800 ಮೀಟರಿನಷ್ಟು ಮಾತ್ರ ನಡೆಯಿರಿ. ಅಲ್ಲಿಂದಲೇ ನಾ ಪಾಲಿಯ ಬೆಟ್ಟಗಳು ಸಾಲಾಗಿ ಸಮುದ್ರಕ್ಕೆ ಇಳಿಯುವುದು ಕಾಣುತ್ತದೆ. ಬೇಸಿಗೆಯಾಗಿದ್ದು ಸಮುದ್ರ ಶಾಂತವಾಗಿದ್ದರೆ, ಹಿಂದಿರುಗಿ ಹವಳದ ದಿಬ್ಬದ ರಕ್ಷಣೆಯಿರುವ ಕೇಎಯಲ್ಲಿ ಅವರನ್ನು ನೀರಿಗಿಳಿಸಬಹುದು.