ಓದುಗರ ಪ್ರಶ್ನೆ: ಅಜ್ಜನ ಬದುಕನ್ನು ಪುಸ್ತಕ ಮಾಡುವ ಮುನ್ನ

ಪ್ರಶ್ನೆ: ನಮ್ಮ ಅಜ್ಜ ಕಳೆದ ವರ್ಷ ತೀರಿಕೊಂಡರು. ಗದ್ದೆ ಉತ್ತು, ದನ ಮೇಯಿಸಿಕೊಂಡು ಬೆಳೆದವರು, ಆಮೇಲೆ ಗೋಣಿಕೊಪ್ಪದಲ್ಲಿ ಕರಿಮೆಣಸು, ಕಾಫಿ ವ್ಯಾಪಾರಕ್ಕೆ ಇಳಿದರು. ಜೀಪಿನಲ್ಲಿ ಮಾಕುಟ್ಟ ಘಾಟಿ ಇಳಿದು ಕೇರಳದ ತಲಶ್ಶೇರಿವರೆಗೂ ಹೋಗುತ್ತಿದ್ದರು, ದಾರಿಯುದ್ದಕ್ಕೂ ಅವರಿಗೆ ಸ್ನೇಹಿತರು. ಅವರ ನೆನಪಿಗೆ ಸಣ್ಣ ಪುಸ್ತಕ ತರಬೇಕೆಂದಿದ್ದೇವೆ. ಆದರೆ ಒಬ್ಬೊಬ್ಬರು ಒಂದೊಂದು ಇಸವಿ ಹೇಳುತ್ತಾರೆ. ಜಾತಕದಲ್ಲಿ 'ಯುವ ಸಂವತ್ಸರ' ಎಂದಿದೆ, ಶಾಲೆಯ ದಾಖಲೆಯಲ್ಲಿ 1938. 1965ರಿಂದಲೇ ಕಾಫಿ ಕೊಂಡು ಮಾರುತ್ತಿದ್ದರು ಎನ್ನುತ್ತಾರೆ ಚಿಕ್ಕಪ್ಪ. ಎಲ್ಲಿಂದ ಶುರು ಮಾಡಲಿ?
— ಓದುಗರು, ಪೊನ್ನಂಪೇಟೆ

ಉತ್ತರ: ಇಸವಿಗಳಿಂದಲೇ ಶುರು ಮಾಡಿ. ಅವು ಸರಿಯಾಗದೆ ಒಂದು ಪುಟವನ್ನೂ ಬರೆಯಬೇಡಿ.

ಹುಟ್ಟಿದ ವರ್ಷಕ್ಕೆ ಜಾತಕವನ್ನೇ ನಂಬಿ. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ತಾರೀಕು ಬರೆದುಕೊಳ್ಳುವುದು ಮಾಮೂಲಾಗಿತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಯುವ ಬಂದದ್ದು 1935ರ ಯುಗಾದಿಯಿಂದ 1936ರ ಯುಗಾದಿವರೆಗೆ, ಅದರ ಹಿಂದಿನದು 1875ರಲ್ಲಿ, ಹಾಗಾಗಿ ಗೊಂದಲಕ್ಕೆ ಎಡೆಯಿಲ್ಲ. ತಿಥಿ, ನಕ್ಷತ್ರವೂ ಇದ್ದರೆ ಹಳೆಯ ಪಂಚಾಂಗ ನೋಡಿ ದಿನವನ್ನೇ ಹಿಡಿಯಬಹುದು. 'ಕಕ್ಕಡದಲ್ಲಿ ಹುಟ್ಟಿದ್ದು' ಎಂಬ ಮಾತು ಮನೆಯಲ್ಲಿದ್ದರೆ ಆ ಕೊಡವ ತಿಂಗಳು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ.

ಒಂದು ದೊಡ್ಡ ಹಾಳೆಯಲ್ಲಿ ನಾಲ್ಕು ಕಲಂ ಎಳೆಯಿರಿ: ಇಸವಿ, ಆಗಿನ ವಯಸ್ಸು, ಏನಾಯಿತು, ಯಾರು ಹೇಳಿದ್ದು ಅಥವಾ ಯಾವ ಕಾಗದದಲ್ಲಿದೆ. ನಾಲ್ಕನೆಯದನ್ನು ಖಾಲಿ ಬಿಟ್ಟರೆ ಆರು ತಿಂಗಳಾದ ಮೇಲೆ ಯಾವುದು ಕೇಳಿದ್ದು, ಯಾವುದು ನೋಡಿದ್ದು ಎಂದು ನಿಮಗೇ ಗೊತ್ತಾಗುವುದಿಲ್ಲ. ನಡುನಡುವೆ ಊರಿಗೆಲ್ಲ ಗೊತ್ತಿರುವ ಘಟನೆಗಳನ್ನು ಬೇರೆ ಬಣ್ಣದಲ್ಲಿ ಬರೆದಿಡಿ: ಗಾಂಧೀಜಿ ಕೊಡಗಿಗೆ ಬಂದದ್ದು 1934ರ ಫೆಬ್ರವರಿ, ಕಾರ್ಯಪ್ಪನವರು ಸೇನಾ ಮುಖ್ಯಸ್ಥರಾದದ್ದು 1949ರ ಜನವರಿ 15, ಕೊಡಗು ರಾಜ್ಯದ ವಿಧಾನಸಭಾ ಚುನಾವಣೆ 1952, ಮೈಸೂರಿನೊಂದಿಗೆ ವಿಲೀನ 1956ರ ನವೆಂಬರ್ 1. ಹಿರಿಯರನ್ನು 'ಯಾವ ವರ್ಷ?' ಎಂದು ಕೇಳಿದರೆ ತಡವರಿಸುತ್ತಾರೆ. 'ಕೊಡಗು ಮೈಸೂರಿಗೆ ಸೇರುವ ಮೊದಲೋ ಆಮೇಲೋ?' ಎಂದರೆ ಥಟ್ಟನೆ ಹೇಳುತ್ತಾರೆ. ಅಜ್ಜ ಗಾಂಧೀಜಿಯನ್ನು ಕಂಡಿದ್ದರು ಎಂದು ಯಾರಾದರೂ ಹೇಳಿದರೆ, 1935ರಲ್ಲಿ ಹುಟ್ಟಿದವರಿಗೆ ಕೊಡಗಿನಲ್ಲಿ ಅದು ಸಾಧ್ಯವಿರಲಿಲ್ಲ. ಬಹುಶಃ ಅವರ ತಂದೆಯ ಕಥೆ ಇವರ ಹೆಸರಿಗೆ ಬಂದಿರುತ್ತದೆ. ಬಿಸಾಡಬೇಡಿ, ತಂದೆಯ ಅಧ್ಯಾಯಕ್ಕೆ ಸೇರಿಸಿ.

ಇನ್ನು 1965ರ ಕಾಫಿ ವ್ಯಾಪಾರ. ಇಲ್ಲಿ ಎಚ್ಚರ ಬೇಕು. 1942ರ ಕಾಫಿ ಕಾಯ್ದೆಯ ಪೂಲ್ ಪದ್ಧತಿಯಲ್ಲಿ ಬೆಳೆಗಾರ ಮನೆಬಳಕೆಗೆ, ಬಿತ್ತನೆಗೆ ಬೇಕಾದಷ್ಟು ಬಿಟ್ಟು ಉಳಿದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೇ ಕೊಡಬೇಕಿತ್ತು. ಹಣ ಒಟ್ಟಿಗೆ ಬರುತ್ತಿರಲಿಲ್ಲ, ಬೋರ್ಡು ಹರಾಜಿನಲ್ಲಿ ಮಾರಿದ ಹಾಗೆಲ್ಲ ಕಂತುಗಳಲ್ಲಿ ಬರುತ್ತಿತ್ತು. 1990ರ ದಶಕದ ಆರಂಭದಲ್ಲಿ ಬೆಳೆಯ ಒಂದು ಪಾಲನ್ನು ಸ್ವಂತವಾಗಿ ಮಾರಲು ಬಿಟ್ಟರು, 1996ರಲ್ಲಿ ಪೂರ್ತಿ ಮುಕ್ತವಾಯಿತು. ಹಾಗಾಗಿ 1965ರಲ್ಲಿ ಈಗಿನ ಹಾಗೆ ತೋಟದಿಂದ ತೋಟಕ್ಕೆ ಹೋಗಿ ಚೆರಿ (ಹಣ್ಣನ್ನು ಹಾಗೆಯೇ ಒಣಗಿಸಿದ ಕಾಫಿ), ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದು ಒಣಗಿಸಿದ ಕಾಫಿ) ಕೊಳ್ಳುವ ವ್ಯಾಪಾರ ಕಾನೂನುಬದ್ಧವಾಗಿ ಇರಲಿಲ್ಲ. ಅವರು ಕ್ಯೂರಿಂಗ್ ವರ್ಕ್ಸ್ (ಕಾಫಿ ಹದ ಮಾಡುವ ಕಾರ್ಖಾನೆ) ಪರವಾಗಿ ಪೂಲ್ ಕಾಫಿ ಇಳಿಸಿಕೊಳ್ಳುವ ಡಿಪೋ ನೋಡಿಕೊಂಡಿರಬಹುದು, ಲಾರಿ ಓಡಿಸಿರಬಹುದು, ಇಲ್ಲವೇ ಹರಾಜಿನ ಬೀಜ ತಂದು ಹುರಿದು ಪುಡಿ ಮಾರಿರಬಹುದು. ಕರಿಮೆಣಸಿಗೆ ಪೂಲ್ ಇರಲಿಲ್ಲ, ಅವರ ನಿಜವಾದ ವ್ಯಾಪಾರ ಶುರುವಾದದ್ದು ಅಲ್ಲೇ ಇರಬೇಕು. ಹಳೆಯ ರಶೀದಿಗಳಲ್ಲಿ ಯಾರ ಹೆಸರು ಮೇಲಿದೆ, 'ಏಜೆಂಟ್' ಎಂದಿದೆಯೇ ನೋಡಿ, ತೀರ್ಮಾನವಾಗುತ್ತದೆ. ಪೂಲ್ ತಪ್ಪಿಸಿ ರಾತ್ರಿ ಘಾಟಿಯಲ್ಲಿ ಕಾಫಿ ಸಾಗಿಸಿದ ಸಾಹಸದ ಕಥೆ ಇದ್ದರೆ, ಹೇಳಿದವರ ಒಪ್ಪಿಗೆ ಪಡೆದು 'ಹೀಗೆಂದು ಹೇಳುತ್ತಿದ್ದರು' ಎಂದೇ ಹಾಕಿ. ಜೊತೆಗಿದ್ದ ಬೇರೆಯವರ ಹೆಸರು ಬೇಡ.

ಜಾಗದ ವಿಷಯದಲ್ಲಿ ಒಂದು ಮಾತು. ಜಮ್ಮಾ ಜಾಗವಾದರೆ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಭೂಮಿಯಾದರೆ, ಪಹಣಿಯಲ್ಲಿ ಪಟ್ಟೆದಾರರ (ಮನೆತನದ ಮುಖ್ಯಸ್ಥರ) ಹೆಸರೊಂದೇ ಇರಬಹುದು. ಅಜ್ಜನ ಹೆಸರಿಲ್ಲ ಎಂದ ಮಾತ್ರಕ್ಕೆ ಅವರು ಅಲ್ಲಿ ಉಳಲಿಲ್ಲ ಎಂದಲ್ಲ.

ಪ್ರಶ್ನೆ: ಅಪ್ಪನ ಹಳೆಯ ದಿನವಹಿ ಪುಸ್ತಕ ಸಿಕ್ಕಿದೆ. '12-8-6' ಎಂಬಂಥ ಲೆಕ್ಕ, 'ಹಂಡ್ರೆಡ್‌ವೇಟ್', 'ಮಣ' ಎಂದೆಲ್ಲ ಇದೆ. ಓದುವುದು ಹೇಗೆ?
— ಓದುಗರು, ಸೋಮವಾರಪೇಟೆ

ಉತ್ತರ: ಅದು 12 ರೂಪಾಯಿ, 8 ಆಣೆ, 6 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ಈಗಿನ ಲೆಕ್ಕದಲ್ಲಿ 12.53. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು. ತಾರೀಕಿಲ್ಲದ ಪುಟವನ್ನು ಅದರ ಹಿಂದಿನದೋ ಮುಂದಿನದೋ ಎಂದು ಗುರುತಿಸಲು ಇದು ಸಹಾಯಕ, ಆದರೂ ಹಳಬರು ಕೆಲವು ವರ್ಷ ಆಣೆಯಲ್ಲೇ ಬರೆದುಕೊಂಡು ಬಂದದ್ದುಂಟು. ಹಂಡ್ರೆಡ್‌ವೇಟ್ ಎಂದರೆ 112 ಪೌಂಡ್, 50.8 ಕೆ.ಜಿ. ಈಗಿನ 50 ಕೆ.ಜಿ. ಚೀಲಕ್ಕೆ ಹೆಚ್ಚುಕಡಿಮೆ ಸಮ. ಮಣವನ್ನು ಮಾತ್ರ ಕೆ.ಜಿ.ಗೆ ತಿರುಗಿಸಬೇಡಿ. ಮದ್ರಾಸು ಮಣ ಸುಮಾರು 11 ಕೆ.ಜಿ., ಬಂಗಾಳಿ ಮಣ 37 ಕೆ.ಜಿ.ಗೂ ಹೆಚ್ಚು. ಯಾವುದೆಂದು ತಿಳಿಯದೆ ಬರೆದರೆ ವ್ಯಾಪಾರವೇ ಮೂರು ಪಟ್ಟು ಹಿಗ್ಗುತ್ತದೆ.

ಮೊತ್ತಗಳಿಗಿಂತ ಹೆಸರುಗಳನ್ನು ನೋಡಿ. ವರ್ಷಗಟ್ಟಲೆ 'ಬಾಕಿ' ಎಂದು ಮುಂದಕ್ಕೆ ಹೋಗಿ ಕೊನೆಗೆ ಸಾಲ ಬಿಟ್ಟುಕೊಟ್ಟು ಅಡ್ಡಗೆರೆ ಎಳೆದ ಖಾತೆಗಳಿರುತ್ತವೆ. ಜನರೊಂದಿಗೆ ನಿಮ್ಮ ಅಪ್ಪ ಹೇಗಿದ್ದರು ಎಂಬುದಕ್ಕೆ ಹೊಗಳಿಕೆಯ ಯಾವ ಮಾತಿಗಿಂತಲೂ ಆ ಗೆರೆ ಒಳ್ಳೆಯ ಸಾಕ್ಷಿ. ಅಂಥ ಒಂದು ಪುಟವನ್ನು, ಸಾಲ ಪಡೆದವರ ಹೆಸರು ಮುಚ್ಚಿ, ಪುಸ್ತಕದಲ್ಲಿ ಅಚ್ಚು ಹಾಕಿ.

ತಾರೀಕಿಲ್ಲದ ಲೆಟರ್‌ಹೆಡ್, ಲಕೋಟೆಗಳಿಗೂ ಸುಳಿವುಂಟು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಅಚ್ಚಿನಲ್ಲಿ 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು.

ಪ್ರಶ್ನೆ: ಫೋಟೊ ಆಲ್ಬಂಗೆ ಬೂಷ್ಟು ಹಿಡಿದಿದೆ. ಕೆಲವು ಫೋಟೊ ಗಾಜಿಗೆ ಅಂಟಿಕೊಂಡಿವೆ.
— ಓದುಗರು, ಭಾಗಮಂಡಲ

ಉತ್ತರ: ಒದ್ದೆ ಬಟ್ಟೆ ಮುಟ್ಟಿಸಬೇಡಿ. ಫೋಟೊದ ಮೇಲ್ಪದರ ಜೆಲಟಿನ್, ತೇವ ತಾಗಿದರೆ ಮೆತ್ತಗಾಗಿ ಚಿತ್ರವೇ ಕಿತ್ತು ಬರುತ್ತದೆ. ಮಳೆ ಬಿಟ್ಟ ಮೇಲೆ, ಒಣ ಹವೆಯಲ್ಲಿ, ನೆರಳಿನಲ್ಲಿ ಎರಡು ದಿನ ಹರಡಿ. ಬಿಸಿಲಿಗಾಗಲಿ ಒಲೆಯ ಅಟ್ಟಕ್ಕಾಗಲಿ ಇಡಬೇಡಿ, ಸುರುಟಿಕೊಳ್ಳುತ್ತವೆ. ಬೂಷ್ಟು ಪುಡಿಯಾದ ಮೇಲೆ ಮೂಗಿಗೆ ಮಾಸ್ಕ್ ಹಾಕಿ, ಮೃದು ಬ್ರಷ್ಷಿನಿಂದ ಹೊರಗೆ ಜಗಲಿಯಲ್ಲಿ ಒಂದೇ ದಿಕ್ಕಿಗೆ ಗುಡಿಸಿ. ಗಾಜಿಗೆ ಅಂಟಿದ್ದನ್ನು ಎಳೆಯಲೇಬೇಡಿ, ಗಾಜಿನ ಹೊರಮೈ ಒರೆಸಿ ಹಾಗೆಯೇ ಸ್ಕ್ಯಾನ್ ಮಾಡಿ. 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ) ಇರಲಿ: 2×3 ಇಂಚಿನ ಫೋಟೊ 4×6 ಆಗಿ ಅಚ್ಚಾಗುವಾಗ 300 ಡಿಪಿಐ ಉಳಿಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ ಅಚ್ಚಿಗೆ ಒದಗದು, ಫೈಲನ್ನು 'ಡಾಕ್ಯುಮೆಂಟ್' ಆಗಿ ಕಳುಹಿಸಲು ಹೇಳಿ. ಜೀಪಿನ ಜೊತೆ ನಿಂತ ಚಿತ್ರವಿದ್ದರೆ ಅದರಲ್ಲಿ ನಂಬರ್ ಪ್ಲೇಟ್ ದೊಡ್ಡದು ಮಾಡಿ ನೋಡಿ. ಕೊಡಗಿನ ನೋಂದಣಿಯ 'ಕೆಎ 12' ಎಂದಿದ್ದರೆ ಆ ಚಿತ್ರ 1989ಕ್ಕಿಂತ ಹಳೆಯದಲ್ಲ.

ಪ್ರಶ್ನೆ: ನಮ್ಮ ಅಜ್ಜನ ಪುಸ್ತಕಕ್ಕೆ ಮಾತಾಡಿಸಬೇಕೆಂದರೆ ಎಲ್ಲರೂ ಅವರ ಸ್ನೇಹಿತರೇ. ಯಾರನ್ನು ಮಾತಾಡಿಸುವುದು?
— ಓದುಗರು, ವಿರಾಜಪೇಟೆ

ಉತ್ತರ: ಮೊದಲು ಅವರ ಕೈಕೆಳಗೆ ದುಡಿದವರನ್ನು: ಡ್ರೈವರ್, ತೂಕ ಹಾಕುತ್ತಿದ್ದವರು, ತೋಟದ ರೈಟರ್ (ಲೆಕ್ಕ ಬರೆಯುವವರು), ಮೇಸ್ತ್ರಿ, ಲೈನ್‌ಮನೆಯ (ತೋಟದ ಕೆಲಸಗಾರರ ಸಾಲುಮನೆಯ) ಹಿರಿಯ ಹೆಂಗಸರು. ಗಣ್ಯರು 'ಒಳ್ಳೆಯ ಮನುಷ್ಯ' ಎಂದು ಮುಗಿಸುತ್ತಾರೆ. ತೂಕದವರಾದರೆ ನಿಮ್ಮ ಅಜ್ಜ ಚೀಲಕ್ಕೆ ಎಷ್ಟು ಕಳೆಯುತ್ತಿದ್ದರು, ಸರಿಯಾಗಿ ಒಣಗದ ಕರಿಮೆಣಸನ್ನು ಅಂಗೈಯಲ್ಲಿ ಉಜ್ಜಿ ಹೇಗೆ ಗುರುತಿಸುತ್ತಿದ್ದರು, ಯಾರ ಮಾಲಿಗೆ ತಕ್ಕಡಿಯ ಮುಂದೆಯೇ ದುಡ್ಡು ಎಣಿಸಿ ಕೊಡುತ್ತಿದ್ದರು ಎಂದು ಹೇಳುತ್ತಾರೆ. ಕಾಫಿ ಕುಯ್ಲಿನಲ್ಲಿ, ಅಂದರೆ ನವೆಂಬರಿನಿಂದ ಮಾರ್ಚ್‌ವರೆಗೆ, ಯಾರಿಗೂ ಪುರುಸೊತ್ತಿರುವುದಿಲ್ಲ. ಮಳೆಗಾಲದಲ್ಲಿ ಪುರುಸೊತ್ತುಂಟು, ಆದರೆ ಶೀಟಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ರೆಕಾರ್ಡಿಂಗ್ ಕೆಡುತ್ತದೆ. ಏಪ್ರಿಲ್, ಮೇ ಅಥವಾ ಅಕ್ಟೋಬರ್ ಒಳ್ಳೆಯದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಸಿದ ಟವೆಲಿನ ಮೇಲೆ, ಮಾತಾಡುವವರಿಂದ ಒಂದಡಿ ದೂರದಲ್ಲಿಡಿ. ಮುಕ್ಕಾಲು ಗಂಟೆ ಸಾಕು. ಕೊಡವ ತಕ್ಕ್, ಅರೆಭಾಷೆ, ಎರವ, ಯಾವುದರಲ್ಲಿ ಮಾತು ಬಂದರೂ ಹಾಗೇ ಬರಲಿ, ಕನ್ನಡಕ್ಕೆ ಆಮೇಲೆ ತಂದರಾಯಿತು.

ಪ್ರಶ್ನೆ: ಅಚ್ಚಿಗೆ ಕೊಡುವಾಗ ಏನು ಗಮನಿಸಬೇಕು?
— ಓದುಗರು, ಕುಶಾಲನಗರ

ಉತ್ತರ: ಪುಟಗಳು 16ರ ಲೆಕ್ಕದಲ್ಲಿರಲಿ: 32, 48 ಅಥವಾ 64. ಅಷ್ಟಕ್ಕೆ ನಡುವೆ ಪಿನ್ ಹೊಡೆಸಿದರೆ ಸಾಕು. ಅದಕ್ಕಿಂತ ದಪ್ಪವಾದರೆ ದಾರದ ಹೊಲಿಗೆ ಹಾಕಿಸಿ, ಬರೀ ಗಮ್ಮಿನ ಬೈಂಡಿಂಗ್ ನಮ್ಮ ತೇವಕ್ಕೆ ಬಿಟ್ಟುಕೊಳ್ಳುತ್ತದೆ. 200 ಪ್ರತಿಯೊಳಗಾದರೆ ಡಿಜಿಟಲ್ ಮುದ್ರಣ ಅಗ್ಗ. ನೀವು ಯುನಿಕೋಡ್‌ನಲ್ಲಿ ಬೆರಳಚ್ಚು ಮಾಡಿದ್ದನ್ನು ಡಿಟಿಪಿಯವರು 'ನುಡಿ' ತಂತ್ರಾಂಶದ ಫಾಂಟಿಗೆ ಬದಲಾಯಿಸುವಾಗ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳು ಕೆಡುವುದು ಸಾಮಾನ್ಯ. ಕೊಡವ ಮನೆತನದ ಹೆಸರುಗಳಲ್ಲಂತೂ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಕರಡನ್ನು ಕಂಪ್ಯೂಟರ್ ಪರದೆಯ ಮೇಲೆ ನೋಡದೆ ಕಾಗದದಲ್ಲಿ ತೆಗೆಸಿ, ಒಕ್ಕದ (ಕೊಡವ ಮನೆತನದ) ಹಿರಿಯರೊಬ್ಬರಿಂದ ಹೆಸರುಗಳನ್ನು ಮಾತ್ರ ಗಟ್ಟಿಯಾಗಿ ಓದಿಸಿ.